ಕೂಳೆಯಲ್ಲಿ ಚಿಗುರಿದ ವಿಶ್ವಾಸ

ಮದ್ದೂರಿನಿಂದ ಮಳವಳ್ಳಿಯತ್ತ ಸಾಗುವ ಹಾದಿಯಲ್ಲಿ ಭಾರತೀನಗರವಿದೆ. ಹಿರಿಯರ ಬಾಯಲ್ಲಿ ಅದು ಇಂದಿಗೂ ಕಾಳಮುದ್ದನದೊಡ್ಡಿ, ಚಿಕ್ಕದಾಗಿ ಕೆ.ಎಂ. ದೊಡ್ಡಿ. ಕಾವೇರಿ ನಾಲೆಗಳ ನೀರುಂಡ ಬಯಲು ಅದು. ಸಕ್ಕರೆ ಕಾರ್ಖಾನೆ ನುರಿಸುವ ದಿನಗಳಲ್ಲಿ ಕಬ್ಬಿನ ಗಾಡಿಗಳ ಸಾಲು ರಸ್ತೆಯುದ್ದಕ್ಕೂ ನಿಂತಿರುತ್ತದೆ. ಒಂದು ತಪಸ್ಸುಕಾಲದಲ್ಲಿ ಆ ಕಡೆಯ ಮನೆಯೊಂದರಲ್ಲಿ ಪ್ರಾರ್ಥನಾಕೂಟ ಮುಗಿಸಿ ಹೊರಬಂದಾಗ ಪಕ್ಕದ ಗದ್ದೆಯ ರೈತರೊಬ್ಬರು ಮಾತಿಗೆ ಸಿಕ್ಕರು. ಅವರು ನಮ್ಮ ಸಭೆಯವರಲ್ಲ. ಆಳೆತ್ತರ ಮೀರಿ ನಿಂತಿದ್ದ ಅವರ ಕಬ್ಬನ್ನು ನೋಡಿ, "ಚೆನ್ನಾಗಿ ಬಲಿತಿದೆಯಲ್ಲವೇ?" ಎಂದೆ. ಅವರು ನಕ್ಕರು. "ಬೆಳೆದದೆ ಸ್ವಾಮಿ, ಇನ್ನೂ ಮಾಗಿಲ್ಲ. ಎತ್ತರ ನೋಡಿ ಹೇಳೋಕಾಗಲ್ಲ. ಕೊನೇಲಿ ನೀರು ನಿಲ್ಲಿಸಿ ಒಣಗಿಸಬೇಕು. ಆಮೇಲೆ ಸಿಹಿ ಕಟ್ಟೋದು" ಎಂದರು. ಅತ್ತ ಕಡೆ ಕಟಾವಾದ ಹೊಲದಲ್ಲಿ ಮೋಟುಗಳಿಂದ ಹಸಿರು ಸುಳಿಗಳು ಮೇಲೆದ್ದಿದ್ದವು. ಅದನ್ನು ತೋರಿಸಿ, "ಅದು ಕೂಳೆ. ಬೇರು ಉಳಿದಿದ್ದರೆ ಸಾಕು, ಮತ್ತೆ ಬರ್ತದೆ" ಎಂದರು.

ಬೆಳೆಯುವುದು ಬೇರೆ, ಮಾಗುವುದು ಬೇರೆ. ಗುರುಮಠದಲ್ಲಿ ಕಲಿತ ಆಧ್ಯಾತ್ಮಿಕ ದೈವಶಾಸ್ತ್ರದ ಪಾಠಗಳಲ್ಲಿ ಇದೇ ಮಾತನ್ನು ನಾನು ಎಷ್ಟೋ ಬಾರಿ ಓದಿದ್ದೆ. ಸಂತ ಪೌಲರು ಎಫೆಸದ ಸಭೆಗೆ ಬರೆದ ಪತ್ರದಲ್ಲಿ ವಿಶ್ವಾಸಿಗಳು ಗಾಳಿ ಬೀಸಿದತ್ತ ತೂಗುವ ಮಕ್ಕಳಾಗಿ ಉಳಿಯದೆ ಕ್ರಿಸ್ತರ ಪ್ರೌಢತೆಯ ಮಟ್ಟಕ್ಕೆ ಏರಬೇಕೆಂದು ಹಾರೈಸುತ್ತಾರೆ. ಹಿಬ್ರಿಯರಿಗೆ ಬರೆದ ಪತ್ರವು ಇನ್ನೂ ಹಾಲನ್ನೇ ಬಯಸುವವರನ್ನು ಗಟ್ಟಿ ಆಹಾರಕ್ಕೆ ಕರೆಯುತ್ತದೆ. ಆದರೆ ಒಬ್ಬ ವ್ಯಕ್ತಿಯ ಅಥವಾ ಒಂದು ಸಭೆಯ ವಿಶ್ವಾಸ ಮಾಗಿದೆಯೆಂದು ಹೇಳುವುದು ಹೇಗೆ? ಕಟಾವಿಗೆ ಸಿಕ್ಕದೆ ನಿಂತಿರುವ ವಿಶ್ವಾಸ ಮಾತ್ರವೇ ಪ್ರೌಢವೇ? ಕಡಿಯಲ್ಪಟ್ಟು, ನೆಲಕ್ಕೆ ಬಾಗಿ, ಮತ್ತೆ ಚಿಗುರಿದ ವಿಶ್ವಾಸಕ್ಕೆ ಏನೆನ್ನಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಮಂಡ್ಯ ಸೀಮೆಯ ಮಣ್ಣಿನಲ್ಲಿಯೇ ಅದರ ಚರಿತ್ರೆಯಿದೆ.

ಶ್ರೀರಂಗಪಟ್ಟಣದ ಹಾದಿ

ಮೈಸೂರು ಸೀಮೆಯಲ್ಲಿ ಕ್ರೈಸ್ತ ವಿಶ್ವಾಸದ ಬೀಜ ಬಿದ್ದದ್ದು ಹದಿನೇಳನೆಯ ಶತಮಾನದ ಮಧ್ಯದಲ್ಲಿ. ರಣಧೀರ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ ಕಾಲದಲ್ಲಿ ಯೇಸುಸಭೆಯ ಇಟಾಲಿಯನ್ ಗುರು ಲಿಯೊನಾರ್ಡೊ ಚಿನ್ನಮಿಯವರು ಇಲ್ಲಿಗೆ ಬಂದರು. ಅವರು ಕನ್ನಡ ಕಲಿತರು, ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕವನ್ನು ರಚಿಸಿದರು. ಮುಂದೆ ಸುಮಾರು ನೂರು ವರ್ಷಗಳ ಕಾಲ ಹಳ್ಳಿ ಹಳ್ಳಿಗಳಲ್ಲಿ ಚಿಕ್ಕ ಚಿಕ್ಕ ಸಭೆಗಳು ಹುಟ್ಟಿ ಬೆಳೆದವು. 1759ರಲ್ಲಿ ಪೋರ್ಚುಗಲ್ ತನ್ನ ಆಳ್ವಿಕೆಯ ಪ್ರದೇಶಗಳಿಂದ ಯೇಸುಸಭೆಯವರನ್ನು ಹೊರಗಟ್ಟಿತು. 1773ರಲ್ಲಿ ಹದಿನಾಲ್ಕನೆಯ ಕ್ಲೆಮೆಂಟ್ ಪೋಪರು ಆ ಸಭೆಯನ್ನೇ ವಿಸರ್ಜಿಸಿದರು. ಇದರಿಂದ ಈ ಪೈರಿಗೆ ನೀರು ನಿಂತಿತು. ಗುರುಗಳು ವಿರಳವಾದರು. ಅನೇಕ ಹಳ್ಳಿಗಳಲ್ಲಿ ವಿಶ್ವಾಸ ಉಳಿದದ್ದು ಉಪದೇಶಿಗಳ ಮತ್ತು ತಾಯಂದಿರ ಬಾಯಲ್ಲಿ.

ಬಳಿಕ ಬಂದದ್ದು ಕೊಡಲಿಯ ಪೆಟ್ಟು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದಿದ್ದರು. ಕೆನರಾದ ಕ್ರೈಸ್ತರು ಅವರಿಗೆ ನೆರವಾದರೆಂಬ ಆರೋಪ ಟಿಪ್ಪು ಸುಲ್ತಾನನ ಕಿವಿಗೆ ಬಿತ್ತು. 1784ರ ಫೆಬ್ರವರಿಯ ಕೊನೆಯ ವಾರ, ವಿಭೂತಿ ಬುಧವಾರದ ಹೊತ್ತಿಗೆ, ಕರಾವಳಿಯ ಕಥೋಲಿಕ ಕುಟುಂಬಗಳನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡರು, ದೇವಾಲಯಗಳನ್ನು ಕೆಡವಿದರು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಮೂವತ್ತು ಸಾವಿರದಿಂದ ಅರವತ್ತು ಸಾವಿರದವರೆಗೆ, ಅದಕ್ಕೂ ಹೆಚ್ಚಾಗಿ, ಲೆಕ್ಕಗಳಿವೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಹಸಿವು ಕಾಯಿಲೆಗಳಿಂದ ಸಾವಿರಾರು ಮಂದಿ ಸತ್ತರು. ತರುಣರನ್ನು ಬಲವಂತದಿಂದ ಮತಾಂತರಿಸಿ ಸೈನ್ಯಕ್ಕೆ ಸೇರಿಸಲಾಯಿತು.

ಈ ಘಟನೆಯನ್ನು ನೆನೆಯುವಾಗ ಒಂದು ಎಚ್ಚರ ಬೇಕು. ಅದೇ ಟಿಪ್ಪು, ಮರಾಠರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದ ಬಳಿಕ 1791ರಿಂದ ಆ ಮಠಕ್ಕೆ ಗೌರವದಿಂದ ಪತ್ರ ಬರೆದು ನೆರವಿತ್ತ ದಾಖಲೆಗಳೂ ಇವೆ. ಯುದ್ಧದ ಸಂಶಯ, ರಾಜಕಾರಣ, ಮತಾಭಿಮಾನ ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡ ಕಾಲವದು. ಹಳೆಯ ಗಾಯವನ್ನು ಇಂದಿನ ನೆರೆಯವರ ಮೇಲೆ ಎತ್ತುವ ಕಲ್ಲಾಗಿ ಮಾಡಿಕೊಳ್ಳುವುದು ಪ್ರೌಢ ವಿಶ್ವಾಸದ ಲಕ್ಷಣವಲ್ಲ. ನಮಗೆ ಮುಖ್ಯವಾದದ್ದು ಸೆರೆಹಿಡಿದವನ ಕಥೆಗಿಂತ ಸೆರೆಯಾದವರ ಕಥೆ.

ಹದಿನೈದು ವರ್ಷಗಳು ಕಳೆದವು. 1799ರ ಮಾರ್ಚ್ 27ರಂದು ಇದೇ ಮಳವಳ್ಳಿಯ ಬಳಿ ಜನರಲ್ ಹ್ಯಾರಿಸ್‌ನ ಸೈನ್ಯವು ಟಿಪ್ಪುವಿನ ಸೈನ್ಯವನ್ನು ಎದುರಿಸಿ ಸೋಲಿಸಿ ಮುಂದೆ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು, ಸುಲ್ತಾನನು ಹೋರಾಡುತ್ತಾ ಮಡಿದನು. ಸೆರೆಯಲ್ಲಿದ್ದವರಿಗೆ ಬಾಗಿಲು ತೆರೆಯಿತು. ಇನ್ನು ಅವರ ಮುಂದಿದ್ದ ಪ್ರಶ್ನೆ ಊರಿಗೆ ಮರಳುವುದೊಂದೇ ಆಗಿರಲಿಲ್ಲ. ಮತಾಂತರದ ಗುರುತನ್ನು ಮೈಮೇಲೆ ಹೊತ್ತವರು ಕ್ರಿಸ್ತರ ಮೇಜಿಗೆ ಮರಳಬಹುದೇ?

ಕ್ಷಮಿಸಿದ ಕೈ, ಕ್ಷಮಿಸದ ಲೇಖನಿ

ಆ ದಿನಗಳಲ್ಲಿ ಅವರ ಬಳಿಗೆ ಬಂದವರು ಅಬ್ಬೆ ದ್ಯುಬುವಾ. ಫ್ರಾನ್ಸಿನ ಆರ್ದೇಶ್ ಪ್ರಾಂತದಲ್ಲಿ ಹುಟ್ಟಿ, ಪ್ಯಾರಿಸ್‌ನ ವಿದೇಶಿ ಮಿಷನ್ ಸಂಸ್ಥೆಯ ಗುರುವಾಗಿ 1792ರಲ್ಲಿ ಭಾರತಕ್ಕೆ ಬಂದವರು. ನಮ್ಮವರಂತೆ ಉಡುಗೆ ತೊಟ್ಟು, ನಮ್ಮವರ ಊಟ ಉಂಡು, ನಮ್ಮ ಭಾಷೆಗಳಲ್ಲಿ ಮಾತನಾಡಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಗಂಜಾಂನಲ್ಲಿ ಅವರ ಹೆಸರಿನಿಂದಲೇ ನೆನೆಯಲಾಗುವ ದೇವಾಲಯ ಇಂದಿಗೂ ಇದೆ. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯನ್ನು ಕಟ್ಟಿದರು. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಜನರು ಅದಕ್ಕೆ ಹೆದರುತ್ತಿದ್ದಾಗ, 1803-04ರ ಅವಧಿಯಲ್ಲಿ 25,432 ಮಂದಿಗೆ ಲಸಿಕೆ ಹಾಕಿಸಿದ ಲೆಕ್ಕವನ್ನು ಅವರು ದಾಖಲಿಸಿದರು. ಅದರಲ್ಲಿ ಕ್ರೈಸ್ತರೆಷ್ಟು, ಇತರರೆಷ್ಟು ಎಂದು ಸಿಡುಬು ಕೇಳುತ್ತಿರಲಿಲ್ಲ. ಅವರೂ ಕೇಳಲಿಲ್ಲ.

ಇಂತಹ ಸ್ವಾಮಿಯವರು 1823ರಲ್ಲಿ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ತಮ್ಮ ಪತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಶ್ರೀರಂಗಪಟ್ಟಣದ ಸೆರೆಯವರ ಬಗ್ಗೆ ಬರೆದ ಮಾತುಗಳನ್ನು ಓದಿದಾಗ ಎದೆ ಹಿಂಡುತ್ತದೆ. ಅರವತ್ತು ಸಾವಿರ ಕ್ರೈಸ್ತರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಡುವ ಧೈರ್ಯ ಒಬ್ಬರಿಗಾದರೂ ಇರಲಿಲ್ಲವೆಂದೂ, ಎಲ್ಲರೂ ಒಟ್ಟಾಗಿ ಧರ್ಮ ಬಿಟ್ಟರೆಂದೂ, ಇದು ನಾಚಿಕೆಗೇಡೆಂದೂ ಅವರು ಬರೆದರು. ತಮ್ಮ ದುಡಿಮೆಯ ಬಗೆಗೂ ಅವರು ನಿರ್ದಯಿಯಾಗಿದ್ದರು. ಇಷ್ಟು ವರ್ಷಗಳಲ್ಲಿ ತಮ್ಮಿಂದ ಕ್ರಿಸ್ತರ ಬಳಿಗೆ ಬಂದವರು ಹೆಚ್ಚೆಂದರೆ ಇನ್ನೂರು ಮುನ್ನೂರು ಮಂದಿ, ಅವರಲ್ಲಿಯೂ ಮೂರರಲ್ಲಿ ಎರಡು ಪಾಲು ಹೊಲೆಗೇರಿಯವರು, ಭಿಕ್ಷುಕರು ಎಂದು ಲೆಕ್ಕ ಕೊಟ್ಟರು. ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವ ಕಾಲ ಮುಗಿದಿದೆಯೆಂಬುದು ಅವರ ತೀರ್ಮಾನ. ಮರುವರ್ಷವೇ ಜೇಮ್ಸ್ ಹೌ ಮತ್ತು ಹೆನ್ರಿ ಟೌನ್ಲಿ ಎಂಬ ಪ್ರೊಟೆಸ್ಟೆಂಟ್ ಬೋಧಕರು ಇದಕ್ಕೆ ಪುಸ್ತಕ ಬರೆದು ಉತ್ತರ ಕೊಟ್ಟರು.

ಆದರೆ ಅದೇ ಪತ್ರದಲ್ಲಿ ದ್ಯುಬುವಾ ಇನ್ನೊಂದು ಸಂಗತಿಯನ್ನೂ ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಸುಲ್ತಾನನ ಆಳ್ವಿಕೆ ಮುಗಿದ ಕೂಡಲೇ ಧರ್ಮ ಬಿಟ್ಟವರೆನಿಸಿದ ಬಹುಮಂದಿ ತಾವಾಗಿಯೇ ಬಂದು ತಮ್ಮನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಬೇಡಿದರು. ತಾವು ಬಿಟ್ಟದ್ದು ಹೊರಗೆ ಮಾತ್ರ, ಒಳಗೆ ಕ್ರಿಸ್ತರನ್ನು ಬಿಟ್ಟಿರಲಿಲ್ಲ ಎಂದರು. ಸುಮಾರು ಎರಡು ಸಾವಿರ ಮಂದಿ ತಮ್ಮ ಬಳಿಗೇ ಬಂದರು, ಸುಮಾರು ಇಪ್ಪತ್ತು ಸಾವಿರ ಮಂದಿ ಮಂಗಳೂರಿನ ಕಡೆಗೆ ಮರಳಿ ಕೆಡವಿದ ದೇವಾಲಯಗಳನ್ನು ಮತ್ತೆ ಕಟ್ಟಿದರು ಎಂಬುದು ಅವರ ಲೆಕ್ಕ. ಅಂದರೆ, ಲೇಖನಿಯಿಂದ ಖಂಡಿಸಿದವರನ್ನು ಅವರ ಕೈ ಆಗಲೇ ಬರಮಾಡಿಕೊಂಡಿತ್ತು. ಪಾಪನಿವೇದನೆ ಕೇಳಿ ಕ್ಷಮೆಯ ಶಿಲುಬೆಯ ಗುರುತು ಮಾಡಿದ್ದು ಅದೇ ಕೈ.

ದ್ಯುಬುವಾರ ತೀರ್ಪಿನಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. 1784ರಲ್ಲಿ ಅವರು ಭಾರತದಲ್ಲಿಯೇ ಇರಲಿಲ್ಲ. ಘಟ್ಟದ ದಾರಿಯಲ್ಲಿ ಬಿದ್ದವರು ಕೊನೆಯುಸಿರಿನಲ್ಲಿ ಯಾರ ಹೆಸರನ್ನು ಕರೆದರೆಂದು ಕೇಳಿಸಿಕೊಂಡವರು ಯಾರು? ಕತ್ತಿಯ ಕೆಳಗೆ ಮಾಡಿಸಿದ ಕಾರ್ಯಕ್ಕೆ ಪೂರ್ಣ ಸಮ್ಮತಿ ಇರುವುದಿಲ್ಲವೆಂದು, ತೀವ್ರ ಭಯವು ಮನುಷ್ಯನ ಹೊಣೆಯನ್ನು ತಗ್ಗಿಸುತ್ತದೆಂದು ನಮ್ಮ ನೈತಿಕ ದೈವಶಾಸ್ತ್ರವೇ ಕಲಿಸುತ್ತದೆ. ಆದರೂ ಅವರನ್ನು ಮಾತ್ರ ದೂಷಿಸುವುದು ಸರಿಯಲ್ಲ. ಗುರುಗಳಾದ ನಮಗೆಲ್ಲ ತಪ್ಪದ ಒಂದು ಪ್ರಲೋಭನೆ ಅದು: ಎತ್ತರ ಅಳೆದು ಬೆಳೆಗೆ ಬೆಲೆ ಕಟ್ಟುವುದು.

ಕಾರ್ಥೇಜಿನ ಚೀಟಿ, ನಾಗಸಾಕಿಯ ಫಲಕ

ಧರ್ಮಸಭೆಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಕ್ರಿ.ಶ. 250ರ ಹೊತ್ತಿಗೆ ರೋಮಿನ ಚಕ್ರವರ್ತಿ ಡೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಅದಕ್ಕೊಂದು ಚೀಟಿ ಪಡೆಯಬೇಕೆಂದು ಆಜ್ಞಾಪಿಸಿದನು. ಅಂಥ ಚೀಟಿಗಳು ಈಜಿಪ್ಟಿನ ಮರಳಿನಲ್ಲಿ ಹತ್ತಾರು ಸಿಕ್ಕಿವೆ. ಕೆಲವು ಕ್ರೈಸ್ತರು ಪ್ರಾಣ ಕೊಟ್ಟರು. ಕೆಲವರು ಬಲಿಯರ್ಪಿಸಿದರು. ಇನ್ನು ಕೆಲವರು ಬಲಿಯರ್ಪಿಸದೆ ಹಣ ಕೊಟ್ಟು ಚೀಟಿಯನ್ನಷ್ಟೇ ಪಡೆದರು. ಕಿರುಕುಳ ನಿಂತಾಗ ಇವರೆಲ್ಲ ಅಳುತ್ತ ದೇವಾಲಯದ ಬಾಗಿಲಿಗೆ ಬಂದರು. ರೋಮಿನಲ್ಲಿ ನೊವೇಶಿಯನ್ ಎಂಬ ಗುರು ಇವರಿಗೆ ಬಾಗಿಲಿಲ್ಲವೆಂದು ಹಟ ಹಿಡಿದು ಸಭೆಯನ್ನೇ ಒಡೆದನು. ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನರು ನಡುಹಾದಿ ಹಿಡಿದರು. ಬಿದ್ದದ್ದು ಬಿದ್ದದ್ದೇ, ಅದನ್ನು ಹಗುರ ಮಾಡಬಾರದು. ಆದರೆ ಪಶ್ಚಾತ್ತಾಪದ ದಾರಿ ನಡೆದವರಿಗೆ ಬಾಗಿಲು ಮುಚ್ಚಬಾರದು. 251ರ ಕಾರ್ಥೇಜಿನ ಸಭಾಕೂಟವು ಇದನ್ನೇ ಒಪ್ಪಿತು. ಮತ್ತೊಂದು ಕಿರುಕುಳ ಹತ್ತಿರವಾದಾಗ, ಹೋರಾಡಬೇಕಾದವರನ್ನು ಪರಮಪ್ರಸಾದವಿಲ್ಲದೆ ಬರಿಗೈಯಲ್ಲಿ ಕಳುಹಿಸಬಾರದೆಂದು ಪಶ್ಚಾತ್ತಾಪಿಗಳೆಲ್ಲರನ್ನೂ ಸೇರಿಸಿಕೊಂಡರು. ಮೊದಲ ಕಿರುಕುಳದಲ್ಲಿ ಸಿಪ್ರಿಯನರೇ ತಲೆಮರೆಸಿಕೊಂಡಿದ್ದರು ಎಂಬುದನ್ನು ಮರೆಯಬಾರದು. 258ರ ಸೆಪ್ಟೆಂಬರ್ 14ರಂದು ಅವರು ಓಡದೆ ನಿಂತು ಕತ್ತಿಗೆ ಕೊರಳು ಕೊಟ್ಟರು. ಅವರು ಮಾಗಲು ಎಂಟು ವರ್ಷ ಬೇಕಾಯಿತು.

ಜಪಾನಿನ ಕಥೆ ಇನ್ನೂ ದೀರ್ಘವಾದದ್ದು. 1614ರಲ್ಲಿ ಅಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಲಾಯಿತು. ನಾಗಸಾಕಿಯ ಸುತ್ತಿನ ಜನರು ಕ್ರಿಸ್ತರ ಅಥವಾ ಮಾತೆ ಮರಿಯಳ ಚಿತ್ರವಿದ್ದ ಫಲಕವನ್ನು ವರ್ಷಕ್ಕೊಮ್ಮೆ ಅಧಿಕಾರಿಗಳ ಮುಂದೆ ತುಳಿಯಬೇಕಾಗಿತ್ತು. ತುಳಿದರು. ಮನೆಗೆ ಬಂದು ಗುಟ್ಟಾಗಿ ಪಶ್ಚಾತ್ತಾಪದ ಪ್ರಾರ್ಥನೆ ಮಾಡಿದರು, ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟರು. ಗುರುಗಳಿಲ್ಲದೆ ಇನ್ನೂರಕ್ಕೂ ಹೆಚ್ಚು ವರ್ಷ ಹೀಗೆಯೇ ನಡೆಯಿತು. 1865ರ ಮಾರ್ಚ್ 17ರಂದು ನಾಗಸಾಕಿಯ ಓಉರಾ ದೇವಾಲಯಕ್ಕೆ ಉರಾಕಾಮಿ ಹಳ್ಳಿಯ ಒಂದು ಗುಂಪು ಬಂದು, ತಮ್ಮ ಹೃದಯವೂ ಗುರುಗಳ ಹೃದಯವೂ ಒಂದೇ ಎಂದು ಮೆಲ್ಲಗೆ ತಿಳಿಸಿತು. ಅದನ್ನು ಕೇಳಿದ ಗುರು ಬೆರ್ನಾರ್ ಪೆತಿಜಾನ್, ದ್ಯುಬುವಾ ಸೇರಿದ್ದ ಅದೇ ಪ್ಯಾರಿಸ್ ಸಂಸ್ಥೆಯವರು. ಎರಡೇ ವರ್ಷಗಳಲ್ಲಿ ಮತ್ತೆ ಕಿರುಕುಳ ಆರಂಭವಾಯಿತು. ಉರಾಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಡೀಪಾರು ಮಾಡಲಾಯಿತು, ಆರುನೂರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಸತ್ತರು. ತಲೆಮಾರುಗಳ ಕಾಲ ಫಲಕ ತುಳಿದವರ ಮೊಮ್ಮಕ್ಕಳು ಈ ಬಾರಿ ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿಕೊಂಡು ನೋವುಂಡರು. ಅದು ಕೂಳೆಯಲ್ಲಿ ಬಂದ ಬೆಳೆ.

ನಾನು ಅಳೆದ ಅಳತೆ

ಈ ಚರಿತ್ರೆಯನ್ನು ನಾನು ನಿಷ್ಪಕ್ಷಪಾತವಾಗಿ ಬರೆಯಲಾರೆ. ಗುರುದೀಕ್ಷೆಯಾದ ಹೊಸತರಲ್ಲಿ ಒಂದು ಧರ್ಮಕೇಂದ್ರದಲ್ಲಿದ್ದೆ. ಒಬ್ಬ ಕೂಲಿ ಕಾರ್ಮಿಕರ ಮಗ ತನ್ನ ಕೂಸಿನ ಜ್ಞಾನಸ್ನಾನಕ್ಕಾಗಿ ಬಂದ. ಅವನ ಕಾಗದಪತ್ರಗಳಲ್ಲಿ ಬೇರೆ ಧರ್ಮದ ಹೆಸರಿತ್ತು. ಕಾರಣ ನನಗೆ ತಿಳಿಯದ್ದೇನಲ್ಲ. 1950ರ ರಾಷ್ಟ್ರಪತಿಯವರ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗಷ್ಟೇ ಮಿತಿಗೊಳಿಸಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಜ್ಞಾನಸ್ನಾನದ ನೀರು ಅವನ ಕೇರಿಯನ್ನು ಬದಲಿಸಿರಲಿಲ್ಲ, ಊರಿನವರ ನೋಟವನ್ನೂ ಬದಲಿಸಿರಲಿಲ್ಲ. ಆದರೆ ಕಾಗದ ಮಾತ್ರ ಬದಲಾಗಬೇಕಿತ್ತು. ನಾನು ಆಗ ಸಿಪ್ರಿಯನರನ್ನು ಓದಿ ಪರೀಕ್ಷೆ ಬರೆದು ಮುಗಿಸಿದ್ದವನು. ಆದರೂ ನನ್ನ ಬಾಯಿಂದ ಬಂದದ್ದು ನೊವೇಶಿಯನನ ಮಾತು: "ಮೊದಲು ಕಾಗದ ಸರಿಮಾಡಿಕೊಂಡು ಬಾ." ಅವನು ಕೈಮುಗಿದು ಹೊರಟುಹೋದ. ಮತ್ತೆ ಬರಲಿಲ್ಲ.

ಸುಳ್ಳು ಹೇಳಿಕೆಯನ್ನು ನಾನು ಇಂದೂ ಸರಿಯೆನ್ನುವುದಿಲ್ಲ. ಆದರೆ ಅವನನ್ನು ಕೂರಿಸಿ ಒಂದು ಲೋಟ ನೀರು ಕೊಟ್ಟು ಅವನ ಕಷ್ಟ ಕೇಳಲು ನನಗೆ ಯಾವ ಕಾನೂನೂ ಅಡ್ಡಿಯಾಗಿರಲಿಲ್ಲ. ಹತ್ತಾರು ವರ್ಷಗಳ ಬಳಿಕ ಅವನ ತಾಯಿ ತೀರಿಕೊಂಡ ಸುದ್ದಿ ತಿಳಿದು ಆ ಮನೆಗೆ ಹೋದೆ. ಹಿಂದಿನ ರಾತ್ರಿಯಿಡೀ ಜಪಸರವನ್ನು ನಡೆಸಿದ್ದು ಅವನೇ ಎಂದು ನೆರೆಯವರು ಹೇಳಿದರು. ಯಾವ ರಹಸ್ಯವನ್ನೂ ತಪ್ಪಿಸಿರಲಿಲ್ಲ. ಬೆಳೆದು ನಿಂತ ಅವನ ಮಗಳು ಕೊನೆಯ ಪ್ರಾರ್ಥನೆಗೆ ಕನ್ನಡದಲ್ಲಿ ಉತ್ತರ ಕೊಟ್ಟಳಂತೆ. ಅಂಗಳದಲ್ಲಿ ನಿಂತು ಅದನ್ನು ಕೇಳುವಾಗ ನನಗೆ ತಿಳಿಯಿತು: ಅವನಿಗೆ ನೀರು ನಿಲ್ಲಿಸಿದ್ದು ನಾನು, ಬೇರನ್ನು ಉಳಿಸಿದ್ದು ದೇವರು. ಆ ದಿನ ಪಾಪನಿವೇದನೆ ಮಾಡಬೇಕಾಗಿದ್ದವನು ಅವನಲ್ಲ, ನಾನು.

ಕೊನೆಗೆ ಉಳಿದ ಲೆಕ್ಕ

ದ್ಯುಬುವಾ 1823ರಲ್ಲಿ ಭಾರತವನ್ನು ಬಿಟ್ಟರು, 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಮತ್ತೆ ಮೈಸೂರನ್ನು ನೋಡಲಿಲ್ಲ. ಅವರು ಬದುಕಿರುವಾಗಲೇ, 1845ರಲ್ಲಿ, ಮೈಸೂರು ಪ್ರತ್ಯೇಕ ಮಿಷನ್ ಪ್ರಾಂತ್ಯವಾಯಿತು. 1886ರಲ್ಲಿ ಮೈಸೂರೂ ಮಂಗಳೂರೂ ಧರ್ಮಕ್ಷೇತ್ರಗಳಾದವು. 1940ರಲ್ಲಿ ಬೆಂಗಳೂರು ಬೇರೆಯಾಗಿ, ಮೈಸೂರು ತನ್ನದೇ ಧರ್ಮಾಧ್ಯಕ್ಷರನ್ನು ಪಡೆಯಿತು. ಮಂಡ್ಯ ಜಿಲ್ಲೆ ಇಂದು ಅದರ ಭಾಗ. ಸೆರೆಯಿಂದ ಮರಳಿದವರ ಮೊಮ್ಮಕ್ಕಳು ಮರಿಮಕ್ಕಳು ಮಂಗಳೂರಿನಲ್ಲಿ ಶಾಲೆಗಳನ್ನು, ಆಸ್ಪತ್ರೆಗಳನ್ನು ಕಟ್ಟಿದರು. ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. ದ್ಯುಬುವಾರು ಕೀಳಾಗಿ ಎಣಿಸಿದ ಆ ಇನ್ನೂರು ಮುನ್ನೂರು ಬಡವರಂಥವರೇ ನಮ್ಮ ಸೀಮೆಯ ಅನೇಕ ಧರ್ಮಕೇಂದ್ರಗಳಿಗೆ ಅಡಿಗಲ್ಲಾದರು. ಬೆಳೆ ಬರಲಿಲ್ಲವೆಂದು ಕಣ್ಣೀರಿಟ್ಟವರು ಮೋಟುಗಳ ನಡುವೆಯೇ ನಿಂತಿದ್ದರು.

ಪ್ರಿಯ ಓದುಗರೇ, ಬೆಂಕಿಯ ಮುಂದೆ ಮೂರು ಬಾರಿ ಪ್ರಭುವನ್ನು ಅಲ್ಲಗಳೆದ ಪೇತ್ರನನ್ನು ಪುನರುತ್ಥಾನರಾದ ಯೇಸುಸ್ವಾಮಿಯು ಇನ್ನೊಂದು ಬೆಂಕಿಯ ಬಳಿ ಕೂರಿಸಿ, ಹಿಂದಿನ ಲೆಕ್ಕ ಕೇಳದೆ, ಪ್ರೀತಿಯ ಬಗ್ಗೆ ಮೂರು ಬಾರಿ ಕೇಳಿದರು. ಬಳಿಕ ಕುರಿಗಳನ್ನು ಒಪ್ಪಿಸಿದರು. ಬಿದ್ದು ಎದ್ದವನಿಗೇ ಬಿದ್ದವರನ್ನು ಒಪ್ಪಿಸಿದರು. ಪ್ರೌಢ ವಿಶ್ವಾಸದ ಗುರುತು ಎಂದೂ ಬೀಳದಿರುವುದಲ್ಲ. ಬಿದ್ದಲ್ಲಿಂದ ಪ್ರಭುವಿನ ಕಡೆಗೆ ತಿರುಗುವುದು, ಬಿದ್ದವರಿಗೆ ಜಾಗ ಬಿಡುವುದು. ನಮ್ಮ ದೇವಾಲಯಗಳ ಕೊನೆಯ ಬೆಂಚಿನಲ್ಲಿ, ಕೆಲವೊಮ್ಮೆ ಬಾಗಿಲಿನ ಹೊರಗೆ ಕಂಬದ ಮರೆಯಲ್ಲಿ, ಪರಮಪ್ರಸಾದಕ್ಕೆ ಎದ್ದು ಬರಲಾರದೆ ನಿಂತವರಿದ್ದಾರೆ. ಮದುವೆಯ ತೊಡಕಿನವರು, ಕಾಗದದ ತೊಡಕಿನವರು, ಬೇರೆ ಸಭೆಗೆ ಹೋಗಿ ಮರಳಲು ನಾಚುವವರು. ಅವರ ಎತ್ತರ ಅಳೆಯುವ ಮುನ್ನ ಹತ್ತಿರ ಹೋಗಿ ಮಾತನಾಡಿಸೋಣ. ಈ ತಪಸ್ಸುಕಾಲದಲ್ಲಿ ಅಂಥ ಒಂದು ಮನೆಯ ಬಾಗಿಲನ್ನಾದರೂ ನಾನೇ ತಟ್ಟಬೇಕೆಂದಿದ್ದೇನೆ. ನೀವೂ ತಟ್ಟಿರಿ.